ಗಾಡಿ ಎಡಕ್ಕೇಕೆ ಎಳೆಯುತ್ತದೆ?

ಮಂಗಳೂರಿನ ಬಂದರಿನಿಂದ ಬೆಳಗಿನ ಜಾವದಲ್ಲಿ ಹೊರಡುವ ಮೀನಿನ ಗಾಡಿಗಳನ್ನು ಕಂಡವರಿಗೆ ಅವುಗಳ ದುಡಿಮೆ ಎಂಥದೆಂದು ವಿವರಿಸಬೇಕಾದುದಿಲ್ಲ. ಮಂಜುಗಡ್ಡೆಯಲ್ಲಿ ಹುದುಗಿಸಿದ ಮೀನಿನ ಪೆಟ್ಟಿಗೆಗಳನ್ನು ಹೊತ್ತು, ಉಪ್ಪುನೀರನ್ನು ದಾರಿಯುದ್ದಕ್ಕೂ ತೊಟ್ಟಿಕ್ಕಿಸುತ್ತ, ಅವು ಬಂಟ್ವಾಳ, ಬೆಳ್ತಂಗಡಿ, ಉಜಿರೆಗಳನ್ನು ಹಾದು, ಚಾರ್ಮಾಡಿ ಘಾಟಿಯನ್ನೇರಿ, ಕೊಟ್ಟಿಗೆಹಾರ, ಮೂಡಿಗೆರೆಗಳ ಪೇಟೆಗಳನ್ನು ಸೇರುತ್ತವೆ. ಇಳಿಯುವಾಗ ಬರಿದಾದ ಪೆಟ್ಟಿಗೆಗಳು. ಮಳೆಗಾಲವಾದರೆ ದಟ್ಟವಾದ ಮಂಜು. ತಿರುವಿನ ಮೇಲೆ ತಿರುವು. ಇಂಥ ದಾರಿಯಲ್ಲಿ ಗಾಡಿಯು ಚಾಲಕನ ಕೈಯ ಮಾತನ್ನು ಕೇಳದೆ ತನ್ನಷ್ಟಕ್ಕೆ ಒಂದು ಪಕ್ಕಕ್ಕೆ ಸರಿಯತೊಡಗಿದರೆ ಅದು ಬರಿಯ ಕಿರಿಕಿರಿಯಲ್ಲ, ಪ್ರಾಣದ ಪ್ರಶ್ನೆ.

ನನ್ನ ನೆರೆಮನೆಯ ಹಿರಿಯರೊಬ್ಬರಲ್ಲಿ ಇಂಥದೊಂದು ಹಳೆಯ ಪಿಕ್-ಅಪ್ ಉಂಟು. ಮುಂದಿನ ಎರಡು ಗಾಲಿಗಳನ್ನೂ ಒಂದೇ ಉಕ್ಕಿನ ಅಚ್ಚು ಹೊತ್ತಿದ್ದು, ಆ ಅಚ್ಚಿನ ಮೇಲೆ ಲೀಫ್ ಸ್ಪ್ರಿಂಗುಗಳನ್ನೂ ಅವುಗಳ ಮೇಲೆ ಚಾಸಿಯನ್ನೂ ಇರಿಸಿದ, ಜೀಪಿನ ಜಾತಿಗೆ ಸೇರಿದ ಗಾಡಿ ಅದು. ಕೆಲವು ತಿಂಗಳಿಂದ ಅದು ಎಡಕ್ಕೆ ಎಳೆಯುತ್ತಿದ್ದಿತು. ಮುಂದಿನ ಎರಡು ಟಯರುಗಳ ಒಳ ಅಂಚು ಬೋಳಾಗಿದ್ದಿತು. ಮೂರು ಸಲ ವೀಲ್ ಅಲೈನ್‌ಮೆಂಟ್ ಮಾಡಿಸಿದ್ದಾಯಿತು. ಮೂರು ಸಲವೂ ಟೋ ಸರಿಯಾಗಿದೆಯೆಂಬ ಚೀಟಿ ಕೈಗೆ ಬಂದಿತು. ಗಾಡಿ ಮಾತ್ರ ಎಡಕ್ಕೇ. ಒಂದು ಭಾನುವಾರ ಅವರು ನಮ್ಮ ಅಂಗಳಕ್ಕೆ ಬಂದರು.

“ಮಾಸ್ಟ್ರೇ, ನೀವು ಕಾಲೇಜಿನಲ್ಲಿ ಬಲ, ಕೋನ ಎಂದೆಲ್ಲ ಪಾಠ ಹೇಳುವವರಲ್ಲವೊ? ಇದರ ಗ್ರಹಚಾರ ಏನೆಂದು ಒಮ್ಮೆ ನೋಡಿ ಹೇಳಿ. ಹೊಸ ಟಯರಿಗೆ ಸಾಲ ಮಾಡಬೇಕು. ಅದೂ ಹೀಗೇ ಸವೆದರೆ? ಮೊನ್ನೆ ಘಾಟಿಯಿಳಿಯುವಾಗ ಬ್ರೇಕು ಒತ್ತಿದರೆ ಗಾಡಿ ರಸ್ತೆಯ ಅಂಚಿಗೇ ಹೋಯಿತಂತೆ. ಮಗ ಹೆದರಿದ್ದಾನೆ.”

ಅಂದಿನ ಪರೀಕ್ಷೆಯಲ್ಲಿ ನಾನು ಕಲಿತದ್ದನ್ನು ವಾಚಕರ ಮುಂದಿಡುವುದೇ ಈ ಲೇಖನದ ಉದ್ದೇಶ. ಕಲಿತದ್ದು ಎಂದೆನೇ ಹೊರತು ಕಲಿಸಿದ್ದು ಎನ್ನಲಿಲ್ಲ. ಕಾರಣವು ಮುಂದೆ ತಿಳಿಯುವುದು.

ತಿರುಗುವ ಗಾಲಿಯ ಮೂರು ಕೋನಗಳು

ಹಿಂದಿನ ಕಾಲದ ನಾಲ್ಕು ಗಾಲಿಯ ಕುದುರೆ ಸಾರೋಟುಗಳಲ್ಲಿ ಮುಂದಿನ ಅಚ್ಚು ಇಡಿಯಾಗಿ ಒಂದೇ ಗೂಟದ ಸುತ್ತ ತಿರುಗುತ್ತಿದ್ದಿತು. ತಿರುವು ಕಿರಿದಾದಷ್ಟೂ ಗಾಡಿ ಮಗುಚುವ ಭಯ ಹೆಚ್ಚು. ಮ್ಯೂನಿಕ್ಕಿನ ಗಾಡಿ ತಯಾರಕ ಲಾಂಕೆನ್‌ಸ್ಪೆರ್ಗರ್ ಎಂಬವನು ಇದಕ್ಕೊಂದು ಉಪಾಯ ಹೂಡಿದನು: ಅಚ್ಚು ಕದಲದೆ ನಿಲ್ಲಲಿ, ಅದರ ಎರಡು ತುದಿಗಳಲ್ಲಿ ಗಾಲಿಗಳು ಮಾತ್ರ ಬೇರೆಬೇರೆಯಾಗಿ ತಿರುಗಲಿ. ಅವನ ಪರವಾಗಿ ಲಂಡನ್ನಿನ ರುಡಾಲ್ಫ್ ಆಕರ್‌ಮನ್ ೧೮೧೮ರಲ್ಲಿ ಇದರ ಪೇಟೆಂಟು ಪಡೆದುದರಿಂದ ಈ ರಚನೆಗೆ ಆಕರ್‌ಮನ್ನನ ಹೆಸರೇ ನಿಂತಿತು. ಇಂದಿನ ಮೋಟಾರು ಗಾಡಿಯ ಗಾಲಿಗಳೂ ಹೀಗೆಯೇ ತಿರುಗುತ್ತವೆ. ನಮ್ಮ ಪಿಕ್-ಅಪ್ಪಿನಂಥ ಗಾಡಿಯಲ್ಲಿ ಅಚ್ಚಿನ ತುದಿಯಲ್ಲಿ ನಿಂತು ಗಾಲಿಗೆ ಬಾಗಿಲ ತಿರುಗುಣಿಯಂತೆ ಒದಗುವ ಉಕ್ಕಿನ ಗೂಟವೇ ಕಿಂಗ್ ಪಿನ್. ಎರಡು ಗಾಲಿಗಳನ್ನೂ ಜೊತೆಗೂಡಿಸುವ ಅಡ್ಡ ಸಲಾಕೆಯೇ ಟೈ ರಾಡ್.

ಈ ಏರ್ಪಾಡಿನಲ್ಲಿ ಮೂರು ಅಳತೆಗಳು ಮುಖ್ಯ. ಮೊದಲನೆಯದು ಟೋ. ಮೇಲಿನಿಂದ ನೋಡಿದಾಗ ಎರಡು ಗಾಲಿಗಳ ಮುಂದಿನ ಅಂಚುಗಳು ಹಿಂದಿನ ಅಂಚುಗಳಿಗಿಂತ ಒಂದಕ್ಕೊಂದು ತುಸು ಹತ್ತಿರವಾಗಿದ್ದರೆ ಅದು ಟೋ-ಇನ್; ದೂರವಾಗಿದ್ದರೆ ಟೋ-ಔಟ್. ಎರಡನೆಯದು ಕ್ಯಾಂಬರ್, ಎದುರಿನಿಂದ ನೋಡಿದಾಗ ಗಾಲಿಯ ತಲೆ ಹೊರಕ್ಕೋ ಒಳಕ್ಕೋ ವಾಲಿರುವ ಕೋನ. ನಾಣ್ಯವೊಂದನ್ನು ತುಸು ವಾಲಿಸಿ ಉರುಳಿಸಿದರೆ ಅದು ವಾಲಿದ ಕಡೆಗೇ ಬಳಸಿ ಹೋಗುವುದನ್ನು ಮಕ್ಕಳೂ ಬಲ್ಲರು. ವಾಲಿದ ಗಾಲಿಯೂ ಹಾಗೆಯೇ ಮಾಡಬಯಸುತ್ತದೆ. ಎರಡು ಗಾಲಿಗಳ ವಾಲು ಸಮನಾಗಿದ್ದರೆ ಒಂದರ ಎಳೆತವನ್ನು ಇನ್ನೊಂದು ಸರಿದೂಗಿಸುವುದು. ಇಲ್ಲವಾದರೆ ಹೆಚ್ಚು ಹೊರವಾಲಿರುವ ಗಾಲಿಯ ಕಡೆಗೆ ಗಾಡಿ ಸರಿಯುವುದು.

ಮೂರನೆಯದು ಕ್ಯಾಸ್ಟರ್. ಸೈಕಲ್ಲಿನ ಮುಂದಿನ ಕವಲು ನೆಟ್ಟಗೆ ನಿಲ್ಲದೆ ಹಿಂದಕ್ಕೆ ಒರಗಿರುವುದನ್ನು ಎಲ್ಲರೂ ನೋಡಿದ್ದೇವೆ. ಕಿಂಗ್ ಪಿನ್ನೂ ಹಾಗೆಯೇ ಹಿಂದಕ್ಕೆ ಒರಗಿರುವುದು. ಅದರ ರೇಖೆಯನ್ನು ನೆಲದವರೆಗೆ ಎಳೆದರೆ, ಟಯರು ನೆಲವನ್ನು ಮುಟ್ಟುವ ಸ್ಥಳಕ್ಕಿಂತ ಅದು ಮುಂದೆ ಬೀಳುತ್ತದೆ. ಗಾಲಿಯ ತ್ರಿಜ್ಯ ೩೫ ಸೆಂಟಿಮೀಟರು, ಒರಗು ೩ ಡಿಗ್ರಿ ಎಂದಾದರೆ ಈ ಅಂತರವು ಸುಮಾರು ೧.೮ ಸೆಂಟಿಮೀಟರು. ಹಗ್ಗ ಕಟ್ಟಿ ಎಳೆದ ಆಟದ ಬಂಡಿಯು ಹಗ್ಗದ ಹಿಂದೆಯೇ ಬರುವಂತೆ, ಟಯರು ಆ ಬಿಂದುವಿನ ಹಿಂದೆಯೇ ಎಳೆದುಕೊಂಡು ಬರುತ್ತದೆ. ತಿರುವಿನ ಬಳಿಕ ಸ್ಟೀರಿಂಗು ತಾನಾಗಿ ನೇರಕ್ಕೆ ಮರಳುವುದು ಬಹುಮಟ್ಟಿಗೆ ಇದರಿಂದಲೇ. ಒಂದು ಪಕ್ಕದ ಕ್ಯಾಸ್ಟರ್ ಕಡಿಮೆಯಾದರೆ ಗಾಡಿ ಆ ಪಕ್ಕಕ್ಕೆ ಎಳೆಯುವುದು.

ಈ ಅಳತೆಗಳು ಎಷ್ಟು ಸಣ್ಣವೆಂಬುದನ್ನು ಗಮನಿಸಬೇಕು. ೧೯೪೦ರ ದಶಕದ ಕೊನೆಯಲ್ಲಿ ಮಹೀಂದ್ರ ಸಂಸ್ಥೆ ಭಾರತಕ್ಕೆ ತಂದು ಜೋಡಿಸತೊಡಗಿದ ವಿಲ್ಲಿಸ್ ಜೀಪಿಗೆ ಅದರ ಕೈಪಿಡಿ ಹೇಳುವ ಕ್ಯಾಸ್ಟರ್ ೩ ಡಿಗ್ರಿ. ಕ್ಯಾಂಬರ್ ಒಂದೂವರೆ ಡಿಗ್ರಿ. ಟೋ-ಇನ್ ೩/೬೪ರಿಂದ ೩/೩೨ ಇಂಚು, ಎಂದರೆ ಒಂದರಿಂದ ಎರಡೂವರೆ ಮಿಲಿಮೀಟರಿನೊಳಗೆ. ಒಂದು ರೂಪಾಯಿಯ ನಾಣ್ಯದ ದಪ್ಪದಷ್ಟು ವ್ಯತ್ಯಾಸದ ಮೇಲೆ ಟನ್ನುಗಟ್ಟಲೆ ಭಾರದ ನಡೆ ನಿಂತಿದೆ.

ಟಯರು ನುಡಿಯುವ ಸಾಕ್ಷ್ಯ

ಟೋ ಕೆಟ್ಟರೆ ಟಯರಿಗೆ ಏನಾಗುವುದೆಂಬುದನ್ನು ಲೆಕ್ಕ ಹಾಕಿ ನೋಡೋಣ. ೭೦೦ ಮಿಲಿಮೀಟರು ವ್ಯಾಸದ ಎರಡು ಗಾಲಿಗಳ ನಡುವೆ ಮುಂದಿನ ಅಂತರವು ಹಿಂದಿನದಕ್ಕಿಂತ ೧೨ ಮಿಲಿಮೀಟರು ಹೆಚ್ಚಾಗಿದೆ ಎನ್ನೋಣ. ಆಗ ಪ್ರತಿ ಗಾಲಿಯೂ ನೇರ ದಾರಿಯಿಂದ ಅರ್ಧ ಡಿಗ್ರಿಯಷ್ಟು ಹೊರಕ್ಕೆ ಮುಖಮಾಡಿರುತ್ತದೆ. ಗಾಡಿಯೇನೋ ನೇರವಾಗಿಯೇ ಹೋಗುತ್ತದೆ. ಆದಕಾರಣ ಟಯರಿನ ರಬ್ಬರು ನೆಲವನ್ನು ಹಿಡಿದಾಗಲೆಲ್ಲ ಪಕ್ಕಕ್ಕೆ ಹಿಗ್ಗಿ, ನೆಲವನ್ನು ಬಿಡುವಾಗ ಉಜ್ಜಿಕೊಂಡು ಹಿಂದಕ್ಕೆ ಜಾರಬೇಕಾಗುವುದು. ಹೀಗೆ ಒಂದು ಕಿಲೋಮೀಟರಿಗೆ ಕೂಡುವ ಪಕ್ಕದ ಸರಿತವು ಸುಮಾರು ೮.೬ ಮೀಟರು. ಮಂಗಳೂರಿನಿಂದ ಉಜಿರೆಯವರೆಗಿನ ಸುಮಾರು ೬೫ ಕಿಲೋಮೀಟರಿನಲ್ಲಿ ಅದು ಅರ್ಧ ಕಿಲೋಮೀಟರನ್ನು ಮೀರುವುದು. ಟಯರೊಂದನ್ನು ಅಷ್ಟು ದೂರ ಅಡ್ಡಡ್ಡಲಾಗಿ ಉಜ್ಜಿದರೆ ಅದು ಬೋಳಾಗುವುದರಲ್ಲಿ ಆಶ್ಚರ್ಯವೇನು?

ಸವೆತದ ಬಗೆಯನ್ನು ನೋಡಿ ಕಾರಣವನ್ನು ಊಹಿಸಬಹುದು. ನಡುಭಾಗ ಮಾತ್ರ ಸವೆದಿದ್ದರೆ ಗಾಳಿ ಹೆಚ್ಚು. ಎರಡು ಅಂಚುಗಳೂ ಸವೆದಿದ್ದರೆ ಗಾಳಿ ಕಡಿಮೆ. ಒಂದೇ ಅಂಚು ನುಣ್ಣಗೆ ಸವೆದಿದ್ದರೆ ಕ್ಯಾಂಬರಿನ ಮೇಲೆ ಸಂಶಯ ಪಡಬೇಕು. ಟಯರಿನ ಪಟ್ಟೆಗಳ ಅಂಚುಗಳು ಗರಗಸದ ಹಲ್ಲಿನಂತೆ ಒಂದು ಕಡೆ ಮೊನಚಾಗಿದ್ದರೆ ಅದು ಟೋ ದೋಷ. ಅಂಗೈಯನ್ನು ಟಯರಿನ ಮೇಲೆ ಅಡ್ಡವಾಗಿ ಸವರಿದರೆ ಇದು ತಿಳಿಯುವುದು: ಒಳಗಿನಿಂದ ಹೊರಕ್ಕೆ ಸವರುವಾಗ ಕೈಗೆ ತಡೆದರೆ ಟೋ-ಇನ್ ಹೆಚ್ಚು, ಹೊರಗಿನಿಂದ ಒಳಕ್ಕೆ ಸವರುವಾಗ ತಡೆದರೆ ಟೋ-ಔಟ್. ಸವೆದ ಟಯರಿನಿಂದ ತಂತಿ ಹೊರಬಂದಿದ್ದರೆ ಕೈ ಸೀಳೀತು. ಮೊದಲು ಕಣ್ಣಿನಿಂದ ನೋಡಿ ಆಮೇಲೆ ಸವರತಕ್ಕದ್ದು.

ನಮ್ಮ ಪಿಕ್-ಅಪ್ಪಿನ ಎರಡು ಟಯರುಗಳೂ ಟೋ-ಔಟ್ ಎಂದೇ ನುಡಿದವು. ಮೂರು ಚೀಟಿಗಳೂ ಟೋ-ಇನ್ ಸರಿಯಾಗಿದೆ ಎನ್ನುತ್ತಿದ್ದವು. ಯಾರ ಮಾತನ್ನು ನಂಬುವುದು?

ಅಂಗಳದ ಪ್ರಯೋಗಶಾಲೆ

ಮೊದಲು ಎರಡು ಗಾಲಿಗಳಿಗೂ ಗಾಳಿಯನ್ನು ಸಮನಾಗಿ ತುಂಬಿಸಿದೆವು. ಮುಂದಿನ ಟಯರುಗಳನ್ನು ಎಡಬಲ ಬದಲಿಸಿ ನೋಡಿದೆವು. ದೋಷವು ಟಯರಿನಲ್ಲಿದ್ದರೆ ಎಳೆತವೂ ಬಲಕ್ಕೆ ಬದಲಾಗಬೇಕಷ್ಟೆ. ಬದಲಾಗಲಿಲ್ಲ. ನಮ್ಮ ಜಿಲ್ಲೆಯ ಮಳೆಯ ನೀರು ಹರಿದುಹೋಗಲೆಂದು ರಸ್ತೆಯ ನಡುವನ್ನು ಎತ್ತರಿಸಿ ಅಂಚುಗಳನ್ನು ಇಳಿಜಾರಾಗಿ ಕಟ್ಟಿರುತ್ತಾರೆ. ಎಡದಲ್ಲಿ ಸಾಗುವ ಗಾಡಿ ಇದರಿಂದಲೂ ತುಸು ಎಡಕ್ಕೆ ಜಾರುವುದು ಸಹಜ. ಆದುದರಿಂದ ಸಮತಟ್ಟಾದ ಬಯಲಿನಲ್ಲಿ ಓಡಿಸಿ ನೋಡಿದೆವು. ಅಲ್ಲಿಯೂ ಎಳೆತ ತಪ್ಪಲಿಲ್ಲ. ಓಡಿಸಿದ ಬಳಿಕ ಎರಡು ಬ್ರೇಕ್ ಡ್ರಮ್ಮುಗಳ ಬಳಿ ಕೈಯೊಡ್ಡಿದಾಗ ಬಿಸಿ ಸಮನಾಗಿದ್ದಿತು. ಎಡದ ಬ್ರೇಕು ಹಿಡಿದುಕೊಂಡಿರಲಿಲ್ಲ.

ಬಳಿಕ ಟೋ ಅಳೆದೆವು. ಗಾಲಿಯನ್ನೆತ್ತಿ ತಿರುಗಿಸುತ್ತ ಟಯರಿನ ನಡುವೆ ಸೀಮೆಸುಣ್ಣ ಬಳಿದು, ಅದರ ಮೇಲೆ ಮೊಳೆಯಿಂದ ತೆಳುವಾದ ಗೆರೆ ಕೊರೆದೆವು. ಗಾಡಿಯನ್ನು ನೆಲಕ್ಕಿಳಿಸಿ, ಗಾಲಿಯ ನಡುಮಟ್ಟದಲ್ಲಿ ಎರಡು ಗೆರೆಗಳ ಅಂತರವನ್ನು ಮುಂದುಗಡೆ ಅಳೆದು, ಅದೇ ಗುರುತುಗಳು ಹಿಂದಕ್ಕೆ ಬರುವಂತೆ ಗಾಡಿಯನ್ನು ಅರ್ಧ ಸುತ್ತು ಮುಂದಕ್ಕೆ ತಳ್ಳಿ, ಮತ್ತೆ ಅಳೆದೆವು. ಅದೇ ಬಿಂದುಗಳನ್ನು ಎರಡು ಸಲ ಅಳೆಯುವುದರಿಂದ ಗಾಲಿಯ ಬಳೆ ತುಸು ಸೊಟ್ಟಗಿದ್ದರೂ ಆ ತಪ್ಪು ಲೆಕ್ಕದಿಂದ ಕಳೆದುಹೋಗುವುದು. ಬಂದ ಉತ್ತರ: ಟೋ-ಇನ್ ೨ ಮಿಲಿಮೀಟರು. ಚೀಟಿಗಳು ಸುಳ್ಳು ಹೇಳಿರಲಿಲ್ಲ!

ಇಲ್ಲಿಗೆ ನನ್ನ ವಿದ್ಯೆ ನಿಂತಿತು. ಕ್ಯಾಂಬರ್ ಕೆಟ್ಟಿರಬೇಕು, ಅಚ್ಚು ಬಾಗಿರಬೇಕು ಎಂದು ನಾನು ಹೇಳುತ್ತಿದ್ದಾಗ ಹಿರಿಯರ ಪರಿಚಯದ ಗ್ಯಾರೇಜು ಮೇಸ್ತ್ರಿಯೊಬ್ಬರು ಬಂದರು. ಅವರು ಅಳತೆಯ ಪಟ್ಟಿಯನ್ನು ಮುಟ್ಟಲೇ ಇಲ್ಲ. ಸ್ಟೀರಿಂಗನ್ನು ಎಡಕ್ಕೂ ಬಲಕ್ಕೂ ತುಸು ತುಸು ಅಲ್ಲಾಡಿಸಲು ಹುಡುಗನಿಗೆ ಹೇಳಿ, ತಾವು ಟೈ ರಾಡಿನ ತುದಿಯ ಕೀಲಿನ ಮೇಲೆ ಬೆರಳಿಟ್ಟು ಕುಳಿತರು.

“ನಿಂತ ಗಾಡಿಯ ಅಳತೆ ತೆಗೆದಿರಿ ಮಾಸ್ಟ್ರೇ. ಓಡುವ ಗಾಡಿಯದ್ದು ತೆಗೆದಿರಾ? ಇಲ್ಲಿ ಬೆರಳಿಟ್ಟು ನೋಡಿ.”

ಕೀಲು ಸವೆದು, ಸಲಾಕೆ ಕದಲುವ ಮೊದಲು ಸುಮಾರು ೩ ಮಿಲಿಮೀಟರು ಬರಿದೇ ಆಡುತ್ತಿದ್ದಿತು. ನನಗೆ ಒಮ್ಮೆಲೆ ಲೆಕ್ಕ ಹೊಳೆಯಿತು. ಟಯರು ನೆಲವನ್ನು ಮುಟ್ಟುವ ಸ್ಥಳವು ಕಿಂಗ್ ಪಿನ್ನಿನ ರೇಖೆಗಿಂತ ತುಸು ಹೊರಗಿರುವುದರಿಂದ, ಓಡುವಾಗ ನೆಲದ ತಡೆಯು ಎರಡು ಗಾಲಿಗಳನ್ನೂ ಹೊರಕ್ಕೆ ತೆರೆಯಲು ಯತ್ನಿಸುತ್ತದೆ. ನಿಂತಾಗ ತುಸು ಟೋ-ಇನ್ ಇಡುವುದು ಅದಕ್ಕಾಗಿಯೇ. ಆದರೆ ಟೈ ರಾಡು ಹಿಡಿದಿರುವ ತೋಳಿನ ಉದ್ದ ಸುಮಾರು ೧೫ ಸೆಂಟಿಮೀಟರು ಮಾತ್ರ. ಅಲ್ಲಿಯ ೩ ಮಿಲಿಮೀಟರಿನ ಆಟವು ೭೦ ಸೆಂಟಿಮೀಟರಿನ ಗಾಲಿಯಲ್ಲಿ ೧೪ ಮಿಲಿಮೀಟರಾಗಿ ಕಾಣಿಸಿಕೊಳ್ಳುವುದು. ನಿಂತಾಗ ೨ ಮಿಲಿಮೀಟರು ಟೋ-ಇನ್ ಇದ್ದುದು ಓಡುವಾಗ ೧೨ ಮಿಲಿಮೀಟರು ಟೋ-ಔಟ್! ಚೀಟಿಯೂ ಸತ್ಯ, ಟಯರೂ ಸತ್ಯ. ಸವೆದ ಕೀಲಿನ ಮೇಲೆ ಎಷ್ಟು ಸಲ ಟೋ ಕೂರಿಸಿದರೂ ವ್ಯರ್ಥವೇ.

ಅಚ್ಚು ಎಲ್ಲಿ ಕುಳಿತಿದೆ?

ಟಯರಿನ ಸವೆತಕ್ಕೆ ಕಾರಣ ಸಿಕ್ಕಿತು, ಎಳೆತಕ್ಕೆ ಸಿಕ್ಕಲಿಲ್ಲ. ಏಕೆಂದರೆ ಕೀಲಿನ ಆಟವು ಎರಡು ಗಾಲಿಗಳಿಗೂ ಸಮಾನ. ಮೇಸ್ತ್ರಿಯವರು ಈಗ ಮನೆ ಕಟ್ಟುವವರ ತೂಕದ ಗುಂಡನ್ನೂ ದಾರವನ್ನೂ ತರಿಸಿದರು. ನಾಲ್ಕು ಗಾಲಿಗಳ ನಡುವಿನಿಂದ ಗುಂಡು ಇಳಿಬಿಟ್ಟು ನೆಲದ ಮೇಲೆ ನಾಲ್ಕು ಚುಕ್ಕೆಗಳನ್ನು ಗುರುತಿಸಿ ಗಾಡಿಯನ್ನು ಸರಿಸಿದೆವು. ಬಲದ ಮುಂಗಾಲಿಯಿಂದ ಹಿಂಗಾಲಿಗಿದ್ದ ಅಂತರಕ್ಕಿಂತ ಎಡದ ಅಂತರವು ೧೫ ಮಿಲಿಮೀಟರು ಕಡಿಮೆ ಬಂದಿತು. ಮನೆಯ ಪಾಯ ಹಾಕುವಾಗ ಮಾಡುವಂತೆ ಮೂಲೆಯಿಂದ ಮೂಲೆಗೆ ದಾರ ಹಿಡಿದು ನೋಡಿದರೆ ಕರ್ಣಗಳೂ ಸಮನಾಗಿರಲಿಲ್ಲ. ಎಂದರೆ ಅಚ್ಚಿನ ಎಡತುದಿ ಹಿಂದಕ್ಕೆ ಸರಿದಿದ್ದಿತು.

ಲೀಫ್ ಸ್ಪ್ರಿಂಗಿನ ಪಟ್ಟಿಗಳನ್ನೆಲ್ಲ ನಡುವಿನಲ್ಲಿ ಸೆಂಟರ್ ಬೋಲ್ಟ್ ಎಂಬ ಒಂದು ಸಣ್ಣ ಬೋಲ್ಟು ಪೋಣಿಸಿರುತ್ತದೆ. ಅದರ ತಲೆಯು ಅಚ್ಚಿನ ಪೀಠದ ರಂಧ್ರದಲ್ಲಿ ಕುಳಿತು, ಅಚ್ಚು ಎಲ್ಲಿರಬೇಕೆಂಬುದನ್ನು ನಿಗದಿಪಡಿಸುವುದು. ಆದರೆ ಭಾರವನ್ನು ತಡೆಯುವ ಕೆಲಸ ಆ ಬೋಲ್ಟಿನದಲ್ಲ. ಅದು ಎರಡು ಯು-ಬೋಲ್ಟುಗಳ ಬಿಗಿತದಿಂದ ಹುಟ್ಟುವ ಘರ್ಷಣೆಯದು. ಮೀನಿನ ಉಪ್ಪುನೀರು, ಕಡಲಗಾಳಿ, ಜೂನಿನಿಂದ ಸಪ್ಟೆಂಬರಿನವರೆಗೆ ಬಿಡದೆ ಸುರಿಯುವ ಮಳೆ — ಇವು ಕೂಡಿ ಯು-ಬೋಲ್ಟಿನ ಮರೆಗಳನ್ನು ತಿಂದಿದ್ದವು. ಬಿಗಿತ ಸಡಿಲಿದೊಡನೆ ಬ್ರೇಕಿನ ಬಲವೆಲ್ಲ ಸಣ್ಣ ಬೋಲ್ಟಿನ ಮೇಲೆ ಬಿದ್ದಿತು. ಒಂದೂವರೆ ಟನ್ನಿನ ಗಾಡಿಯ ವೇಗವನ್ನು ಸೆಕೆಂಡಿಗೆ ೩ ಮೀಟರಿನಂತೆ ತಗ್ಗಿಸಲು ೪,೫೦೦ ನ್ಯೂಟನ್ ಬಲ ಬೇಕು. ಅದರಲ್ಲಿ ನೂರಕ್ಕೆ ಅರುವತ್ತು ಮುಂದಿನ ಗಾಲಿಗಳ ಪಾಲೆಂದರೂ ಒಂದೊಂದು ಪಕ್ಕಕ್ಕೆ ೧,೩೫೦ ನ್ಯೂಟನ್; ಇಬ್ಬರು ಆಳುಗಳ ತೂಕ. ಘಾಟಿಯ ಇಳಿಜಾರಿನಲ್ಲಿ ಇದು ಒಂದೇ ದಿನದಲ್ಲಿ ನೂರಾರು ಸಲ. ಎಡದ ಬೋಲ್ಟು ಕೊನೆಗೆ ತುಂಡಾಯಿತು.

ಅಚ್ಚಿನ ಎಡತುದಿ ಹಿಂದಕ್ಕೆ ಹೋದರೆ ಎರಡು ಗಾಲಿಗಳೂ ಒಟ್ಟಿಗೆ ಎಡಕ್ಕೆ ಮುಖಮಾಡುವುವು. ಅವುಗಳ ಪರಸ್ಪರ ಅಂತರ ಕೆಡದುದರಿಂದ ಟೋ ಅಳತೆ ಇದನ್ನು ಹಿಡಿಯಲಾರದು. ಅದಕ್ಕಿಂತಲೂ ಭಯಂಕರವಾದುದೆಂದರೆ, ತುಂಡಾದ ಬೋಲ್ಟಿನ ಅಚ್ಚು ಒಂದೇ ಕಡೆ ನಿಲ್ಲುವುದಿಲ್ಲ. ಬ್ರೇಕು ಒತ್ತಿದಾಗಲೆಲ್ಲ ಇನ್ನಷ್ಟು ಹಿಂದಕ್ಕೆ ಜಾರಿ, ಚಾಲಕನು ಮುಟ್ಟದಿದ್ದರೂ ಸ್ಟೀರಿಂಗು ತಿರುಗಿದಂತೆಯೇ ಆಗುವುದು. ಹುಡುಗನು ಘಾಟಿಯಲ್ಲಿ ಕಂಡದ್ದು ಇದನ್ನೇ. ಹಿರಿಯರು ಆ ತುಂಡನ್ನು ಅಂಗೈಯಲ್ಲಿಟ್ಟುಕೊಂಡು ಬಹಳ ಹೊತ್ತು ಮಾತನಾಡಲಿಲ್ಲ.

ಪರೀಕ್ಷೆಯ ಕ್ರಮ

ಹಳೆಯ ಗಾಡಿಯುಳ್ಳವರು ನೆನಪಿಡಬೇಕಾದ ಕ್ರಮವಿದು: ಮೊದಲು ಗಾಳಿ ಮತ್ತು ಟಯರು, ಬಳಿಕ ಸಡಿಲು, ಬಳಿಕ ಅಚ್ಚಿನ ಸ್ಥಾನ, ಕಟ್ಟಕಡೆಗೆ ಕೋನಗಳು. ನಾವು ಮಾಡಿಸುತ್ತಿರುವುದು ಸಾಮಾನ್ಯವಾಗಿ ಇದರ ತಲೆಕೆಳಗು.

ಸಡಿಲು ನೋಡಲು ಅಚ್ಚಿನ ಕೆಳಗೆ ಜಾಕು ಕೊಟ್ಟು ಗಾಲಿಯನ್ನೆತ್ತಿ, ಮೇಲೊಂದು ಕೆಳಗೊಂದು ಕೈಯಿಟ್ಟು ಅಲ್ಲಾಡಿಸಬೇಕು. ಆಡಿದರೆ ಇನ್ನೊಬ್ಬರು ಬ್ರೇಕು ಒತ್ತಿ ಹಿಡಿಯಲಿ. ಆಗ ಡ್ರಮ್ಮೂ ಅದರ ಹಿಂದಿನ ತಟ್ಟೆಯೂ ಒಂದಾಗುವುದರಿಂದ ಬೇರಿಂಗಿನ ಆಟ ಮಾಯವಾಗುವುದು. ಆಟ ಉಳಿದರೆ ಅದು ಕಿಂಗ್ ಪಿನ್ ಅಥವಾ ಅದರ ಬುಷ್‌ಗಳದು. ಎಡಬಲ ಪಕ್ಕಗಳಲ್ಲಿ ಕೈಯಿಟ್ಟು ಅಲ್ಲಾಡಿಸಿದರೆ ಟೈ ರಾಡಿನ ಕೀಲಿನ ಸ್ಥಿತಿ ತಿಳಿಯುವುದು. ಜಾಕೊಂದನ್ನೇ ನಂಬಿ ಗಾಡಿಯ ಕೆಳಗೆ ನುಸುಳಬಾರದು. ಉಕ್ಕಿನ ಸ್ಟ್ಯಾಂಡು ಕೊಟ್ಟು, ಹಿಂದಿನ ಗಾಲಿಗಳಿಗೆ ಅಡೆ ಇಡಬೇಕು. ನಮ್ಮೂರಿನಲ್ಲಿ ಸುಲಭವಾಗಿ ಸಿಗುವ ಕೆಂಪುಕಲ್ಲನ್ನು ಆಸರೆಗೆ ಇಡುವ ರೂಢಿ ಉಂಟು. ಅದು ಗೋಡೆಗೆ ಒಳ್ಳೆಯದು; ಒಂದೇ ಬಿಂದುವಿನಲ್ಲಿ ಭಾರ ಬಿದ್ದರೆ ಪುಡಿಯಾಗುವುದು.

ಇನ್ನೊಂದು ಮಾತು. ಹೆಚ್ಚು ಭಾರ ಹೇರಲೆಂದು ಹಿಂದಿನ ಸ್ಪ್ರಿಂಗುಗಳಿಗೆ ಪಟ್ಟಿ ಕೂಡಿಸುವವರುಂಟು. ಎರಡೂವರೆ ಮೀಟರು ಉದ್ದದ ಗಾಲಿಯಂತರವಿರುವ ಗಾಡಿಯ ಹಿಂಭಾಗವು ಇದರಿಂದ ೫ ಸೆಂಟಿಮೀಟರು ಮೇಲೆದ್ದರೆ, ಇಡೀ ಗಾಡಿ ಮುಂದಕ್ಕೆ ಒಂದು ಡಿಗ್ರಿಗೂ ಮಿಕ್ಕಿ ಬಾಗಿ, ೩ ಡಿಗ್ರಿಯ ಕ್ಯಾಸ್ಟರ್ ಎರಡಕ್ಕಿಂತ ಕೆಳಗಿಳಿಯುವುದು. ಬರಿದಾಗಿ ಮರಳುವಾಗ ಗಾಡಿ ದಾರಿಯಲ್ಲಿ ಅತ್ತಿತ್ತ ಅಲೆಯುವುದಕ್ಕೆ ಇದೂ ಒಂದು ಕಾರಣ.

ಪಿಕ್-ಅಪ್ಪಿಗೆ ಎರಡು ಪಕ್ಕಕ್ಕೂ ಹೊಸ ಸೆಂಟರ್ ಬೋಲ್ಟು, ಯು-ಬೋಲ್ಟುಗಳು, ಟೈ ರಾಡಿನ ಎರಡು ಕೀಲುಗಳು ಬಿದ್ದವು. ಆಮೇಲೆಯೇ ಟೋ ಕೂರಿಸಿದ್ದು. ಖರ್ಚು ಎರಡು ಟಯರುಗಳ ಬೆಲೆಗಿಂತ ಎಷ್ಟೋ ಕಡಿಮೆ. ಹೊಸ ಯು-ಬೋಲ್ಟುಗಳು ಭಾರ ಹೊತ್ತು ಕೆಲವು ನೂರು ಕಿಲೋಮೀಟರು ಓಡಿದ ಬಳಿಕ ತುಸು ಸಡಿಲುವುದರಿಂದ, ಮೇಸ್ತ್ರಿಯವರು ಎರಡನೆಯ ವಾರದಲ್ಲಿ ಗಾಡಿಯನ್ನು ಮತ್ತೆ ಕರೆಸಿ ಬಿಗಿಸಿದರು. ಈಗ ಮೀನು ಇಳಿಸಿ ಬಂದ ಪ್ರತಿ ದಿನವೂ ಹುಡುಗನು ಸ್ಪ್ರಿಂಗುಗಳನ್ನು ಸಿಹಿನೀರಿನಲ್ಲಿ ತೊಳೆಯುತ್ತಾನೆ. ಆ ಭಾನುವಾರದ ನಾಲ್ಕು ಚುಕ್ಕೆಗಳನ್ನು ಮಳೆ ಅಳಿಸಿದ ಬಳಿಕ ಹಿರಿಯರು ಅದೇ ಸ್ಥಳಗಳಲ್ಲಿ ನಾಲ್ಕು ಮೊಳೆಗಳನ್ನು ಹೊಡೆದು, ಸರಿಯಾದ ಅಂತರಗಳನ್ನು ಗೋಡೆಯ ಮೇಲೆ ಬರೆದಿಟ್ಟಿದ್ದಾರೆ. ತಿಂಗಳಿಗೊಮ್ಮೆ ದಾರ ಹಿಡಿದು ನೋಡುವುದು ಅವರ ಪದ್ಧತಿ. ಗಾಡಿ ಘಾಟಿಗೆ ಹೋಗಿಬರುತ್ತಿದೆ.